ಇಬ್ಬರು ಹಂಚಿಕೊಂಡ ಶೂ

"ಬಿಡ್ರೀ! ಅದು ನಂದು!"

"ನಿಮ್ದು ಹೇಗ್ರೀ ಆಗತ್ತೆ? ನನ್ನ ಕಾಲಲ್ಲಿದೆಯಲ್ಲ!"

ಬಲಗಾಲಿನ ಶೂ ಟೀಚರ್ ಕಾಲಿನಲ್ಲಿ, ಎಡಗಾಲಿನದು ಬಸ್ ಕಂಡಕ್ಟರ್ ಕಾಲಿನಲ್ಲಿ! ಅಂಗಡಿಯ ಬೆಂಚಿನ ಎರಡು ತುದಿಯಲ್ಲಿ ಕುಳಿತು ಇಬ್ಬರೂ ದುರುಗುಟ್ಟಿ ನೋಡುತ್ತಿದ್ದರು.

ಅಂಗಡಿಯಮ್ಮನಿಗೆ ನಗು ತಡೆಯಲಾಗಲಿಲ್ಲ.

"ಇಬ್ಬರದೂ ಚಪ್ಪಟೆ ಪಾದ, ಇಬ್ಬರಿಗೂ ಹಿಮ್ಮಡಿ ನೋವು. ನಡುವೆ ಬಗ್ಗದೆ, ಹಿಮ್ಮಡೀನ ಗಟ್ಟಿಯಾಗಿ ಹಿಡಿಯೋ ಶೂ ಈ ಸೈಜಲ್ಲಿ ಇದೊಂದೇ ಉಳಿದಿರೋದು. ಹೊಸ ಸ್ಟಾಕ್ ಬರೋಕೆ ಇನ್ನೂ ಟೈಮಿದೆ."

ಟೀಚರ್‌ಗೆ ಅಳುವೇ ಬಂತು. ದಿನವಿಡೀ ನಿಂತು ಪಾಠ ಮಾಡುವವಳಿಗೆ ಬೆಳಗಿನ ಓಟವೊಂದೇ ತನ್ನದು ಎನ್ನುವ ಹೊತ್ತು. ಈಗೀಗ ಹಾಸಿಗೆಯಿಂದ ಇಳಿದು ಮೊದಲ ಹೆಜ್ಜೆ ಇಟ್ಟರೆ ಹಿಮ್ಮಡಿಗೆ ಮೊಳೆ ಹೊಡೆದಂತಾಗುತ್ತಿತ್ತು. ಮೆತ್ತಗಿದ್ದರೆ ಸುಖ ಎಂದುಕೊಂಡು ಹತ್ತಿಯಂಥ ಶೂ ಕೊಂಡು ಮೋಸಹೋಗಿದ್ದಳು. ಪಾದ ಅದರಲ್ಲಿ ಇನ್ನಷ್ಟು ಒಳಕ್ಕೆ ವಾಲಿತ್ತು.

ಆದರೂ... ಗಂಡಸಿಗೆ ಇಷ್ಟು ಸಣ್ಣ ಪಾದವೇ? ಕೇಳದೆ ಇದ್ದರೆ ಅವಳಿಗೆ ತಿಂದ ಅನ್ನ ಅರಗದು!

"ನಿಮ್ಮ ಸೈಜೂ ಇದೇನಾ?"

"ನಮ್ಮಕ್ಕನ ಚಪ್ಪಲಿ ನನಗೆ ಸಡಿಲ ಆಗತ್ತೆ. ನಗಬೇಕು ಅನ್ಸಿದ್ರೆ ನಕ್ಕುಬಿಡಿ."

ಅವಳು ಫಕ್ಕನೆ ನಕ್ಕಳು. ಉದ್ದ ಪಾದಕ್ಕಾಗಿ ಮನೆಯಲ್ಲಿ 'ದೋಣಿ ಕಾಲಿನವಳು' ಎನಿಸಿಕೊಂಡೇ ಬೆಳೆದವಳಿಗೆ ಅವನ ಮೇಲಿನ ಸಿಟ್ಟು ಅಲ್ಲೇ ಅರ್ಧ ಇಳಿಯಿತು.

"ನಾನು ಓಡೋದು ಬೆಳಿಗ್ಗೆ," ಎಂದಳು.

"ನಾನು ಸಂಜೆ, ಡ್ಯೂಟಿ ಮುಗಿಸಿ... ಸ್ಟಾಕ್ ಬರೋ ತನಕ ಹಂಚ್ಕೊಂಡ್ರೆ?"

"ಸಾಕ್ಸ್ ಮಾತ್ರ ಅವರವರದ್ದೇ!"

ಇಂಥ ಒಪ್ಪಂದ ಕೇಳಿ ಅಂಗಡಿಯಮ್ಮ ಹಣೆ ಚಚ್ಚಿಕೊಂಡರು. ಕೇಳುವವರಾರು?

ಸಂಜೆ ಶಾಲೆಯ ಗೇಟಿನಲ್ಲಿ ಅವಳು ಕೊಡುವಳು, ಬೆಳಿಗ್ಗೆ ಪಾರ್ಕಿನ ಗೇಟಿನಲ್ಲಿ ಅವನು ಮರಳಿಸುವನು. ಕೊಡುವಾಗಲೆಲ್ಲ ಅವಳದು ಪ್ರಶ್ನೆಗಳ ಮಳೆ.

"ಕೊನೇ ತೂತಿಗೂ ಯಾಕೆ ಲೇಸ್ ಹಾಕ್ತೀರಿ?"

"ಹಿಮ್ಮಡಿ ಜಾರಲ್ಲ ಅಂತ."

"ಮನೇಲಿ ಯಾರ್ಯಾರಿದ್ದಾರೆ? ಓಡುವಾಗ ಏನು ಯೋಚಿಸ್ತೀರಿ?"

"ಟೀಚರ್, ಇದೇನು ಪರೀಕ್ಷೆನಾ?" ಎಂದು ನಕ್ಕವನ ಕಿವಿ ಕೆಂಪಾಗಿತ್ತು. ಕೊನೆಯ ಪ್ರಶ್ನೆಯನ್ನು ಮಾತ್ರ ತೇಲಿಸಿಬಿಟ್ಟ. ಏನಿರಬಹುದು? ಪಾಠದ ನಡುವೆಯೂ ಅವಳಿಗೆ ಅದೇ ಧ್ಯಾನ.

ನೋವು ಮಾತ್ರ ಹೆಚ್ಚುತ್ತಲೇ ಹೋಯಿತು. ಫಿಸಿಯೋಥೆರಪಿಸ್ಟ್ ಆಗಿದ್ದ ಅತ್ತಿಗೆ ಒಂದು ಭಾನುವಾರ ಶೂ ಒಳಗೆ ಕೈ ಹಾಕಿ ನೋಡಿದಳು.

"ಯಾರದೇ ಇದು? ಒಳಗಿನ ಹಾಸು ಬೇರೆ ಯಾರದೋ ಹೆಜ್ಜೆಗೆ ಒತ್ತಿಹೋಗಿದೆ. ಹೀಗೇ ಓಡಿದ್ರೆ ಓಟಾನೇ ಮರೆತುಬಿಡಬೇಕು, ಅಷ್ಟೇ!"

"ಪರವಾಗಿಲ್ಲ ಅತ್ತಿಗೆ..."

"ಕುಂಟ್ತಾ ಪರವಾಗಿಲ್ಲ ಅಂತೀಯಲ್ಲ, ಹುಚ್ಚಿ!"

ಹುಚ್ಚೇ ಸರಿ. ಶೂ ಬಿಟ್ಟರೆ ಅವನನ್ನು ನೋಡಲು ನೆಪವೆಲ್ಲಿದೆ? ಓಟ ಬೇಕೋ, ಅವನು ಬೇಕೋ? ರಾತ್ರಿಯೆಲ್ಲ ಅವಳ ಮನಸ್ಸು ಎರಡೂ ಕಡೆ ಹೊಯ್ದಾಡಿತು.

ಮರುದಿನ ಸಂಜೆ ಅವನು ಗೇಟಿಗೆ ಬರಲೇ ಇಲ್ಲ.

ಕಾದು ಸೋತು, ಶೂ ಕೈಯಲ್ಲಿ ಹಿಡಿದು ಮನೆಯತ್ತ ಹೊರಟಳು. ದಾರಿಯಲ್ಲಿ ಅಂಗಡಿಯ ಗಾಜಿನಾಚೆ... ಅವನೇ! ಬೇರೊಂದು ಹೊಸ ಶೂ ಹಾಕಿ ನೋಡುತ್ತಿದ್ದ.

'ನಾನು ಸಾಕಾದೆನೇ?'

ಬಾಗಿಲು ತಳ್ಳಿ ಒಳನುಗ್ಗಿದಳು. "ನಾನಲ್ಲಿ ಕಾಯ್ತಿದ್ರೆ ನೀವಿಲ್ಲಿ! ಸಾಕಾಯ್ತು ಅಂತ ಒಂದು ಮಾತು ಹೇಳೋಕೆ ಬಾಯಿಗೇನಾಗಿತ್ತು?"

ಅವನು ಗಡಬಡಿಸಿ ಎದ್ದ. ಮರುಕ್ಷಣ "ಅಮ್ಮಾ!" ಎಂದು ಹಿಮ್ಮಡಿ ಹಿಡಿದು ಕುಳಿತ.

"ನಿಮಗೂ... ನೋವು ಜಾಸ್ತಿ ಆಗಿದೆಯಾ?"

"ಮೊದಲ ವಾರದಿಂದ್ಲೇ."

"ಮತ್ತೆ ದಿನಾ ಆರಾಮ್ ಅಂತಿದ್ರಿ?"

"ನೀವೂ ಅಂತಿದ್ರಲ್ಲ! ಇವತ್ತು ಬೆಳಿಗ್ಗೆ ನೀವು ಕುಂಟೋದು ನೋಡ್ದೆ. ನನ್ನಿಂದ ನಿಮ್ಮ ಓಟ ನಿಲ್ಲಬಾರದು ಟೀಚರ್... ಆ ಶೂ ನಿಮಗೇ ಬಿಟ್ಟು, ಯಾವುದೋ ಒಂದು ತಗೊಂಡು, ನನಗೆ ಇದೇ ಸರಿಹೋಯ್ತು ಅಂತ ಸುಳ್ಳು ಹೇಳೋಣ ಅಂತಿದ್ದೆ."

ಅವಳ ಕಣ್ಣು ತುಂಬಿ ಬಂತು.

ಅಂಗಡಿಯಮ್ಮ ಮೆಲ್ಲಗೆ ಕೆಮ್ಮಿದರು. "ಸ್ಟಾಕ್ ನಾಳೆ ಬರತ್ತೆ. ಇಬ್ಬರಿಗೂ ಬೇರೆ ಬೇರೆ ಎತ್ತಿಡ್ಲಾ?"

ಹೂಂ ಎಂದರೆ ನಾಳೆಯಿಂದ ಗೇಟಿನಲ್ಲಿ ಕಾಯುವುದಕ್ಕೆ ಕಾರಣವೇ ಇಲ್ಲ. ಅವನು ತಲೆ ತಗ್ಗಿಸಿದ್ದ. ಟೀಚರ್ ಉಸಿರೆಳೆದುಕೊಂಡಳು. ಈಗ ಹೇಳದಿದ್ದರೆ ಇನ್ನು ಯಾವಾಗ?

"ಎತ್ತಿಡಿ ಅಮ್ಮಾ," ಎಂದವಳು ಅವನತ್ತ ತಿರುಗಿದಳು. "ಶೂ ಇರ್ಲಿ ಬಿಡ್ಲಿ, ನನಗೆ ನಿಮ್ಮನ್ನ ದಿನಾ ನೋಡ್ಬೇಕು. ನೀವಂದ್ರೆ ನನಗೆ ಇಷ್ಟ ಕಣ್ರೀ!"

ದಿನವಿಡೀ ಸ್ಟಾಪಿನ ಹೆಸರು ಕೂಗುವವನು ಈಗ ಪಿಸುಗುಟ್ಟಿದ.

"ಟೀಚರ್... ಇದನ್ನ ನಾನು ಹೇಳ್ಬೇಕಿತ್ತು. ದಿನಾ ಗೇಟಿನ ತನಕ ಬಾಯಿಪಾಠ ಮಾಡ್ಕೊಂಡು ಬರ್ತಿದ್ದೆ. ನಿಮ್ಮ ಮುಖ ನೋಡಿದ ತಕ್ಷಣ ಮರೆತುಹೋಗ್ತಿತ್ತು."

"ಈಗ ಹೇಳಿ."

"ನನಗೆ ನೀವು ಬೇಕು. ದಿನಾ ಬೇಕು."

ಅವಳು ಕಣ್ಣೊರೆಸಿಕೊಂಡು ಕೈ ಚಾಚಿದಳು. ಅವನು ಆ ಕೈ ಹಿಡಿದು ಮೆಲ್ಲಗೆ ಎದ್ದ.

"ನೋವು ವಾಸಿಯಾಗೋ ತನಕ ಓಡೋ ಹಾಗಿಲ್ವಂತೆ. ಅತ್ತಿಗೆ ಆರ್ಡರ್," ಎಂದಳು.

"ಅಲ್ಲೀತನಕ ಏನು ಮಾಡೋದು?"

"ಕುಂಟೋಣ ಬನ್ನಿ. ನಮ್ಮನೆ ಇಲ್ಲೇ ಹತ್ತಿರ."

"ಹತ್ತಿರಾನಾ? ಹಾಗಾದ್ರೆ ಸುತ್ತು ಹಾಕ್ಕೊಂಡು ಹೋಗೋಣ, ಟೀಚರ್."