ಹದಿನಾಲ್ಕನೇ ಸಾಲು

ಮಂಗಳವಾರ ಬೆಳಗ್ಗೆ ಹತ್ತು ಇಪ್ಪತ್ತಕ್ಕೆ ಠಾಣೆಯ ಮೆಟ್ಟಿಲು ಹತ್ತಿದ ಹೆಂಗಸಿನ ಕೈಯಲ್ಲಿ ಎರಡು ಹಾಳೆಗಳಿದ್ದವು. ಒಂದು ದೂರು. ಇನ್ನೊಂದು ಎಕ್ಸ್‌ರೇ ವರದಿಯ ನಕಲು: ಬಲ ಮುಂಗೈಯ ಎರಡೂ ಮೂಳೆ ಮುರಿದಿವೆ.

"ನಂದಲ್ಲ, ನಮ್ಮ ಟೈಲರಮ್ಮಂದು. ಹೊಲಿಯೋ ಕೈಯನ್ನೇ ನೋಡಿ ಮುರಿದಿದ್ದಾನೆ, ಪುಣ್ಯಾತ್ಮ."

ಗಂಡನ ಹೊಡೆತ ತಾಳದೆ ಮನೆ ಬಿಟ್ಟವರಿಗೆ ಗುಟ್ಟಾಗಿ ಬಾಡಿಗೆ ಮನೆ ಮಾಡಿಕೊಡುವ ಸಂಸ್ಥೆಯ ಮುಖ್ಯಸ್ಥೆ ಆಕೆ, ಎಲ್ಲರಿಗೂ ದೊಡ್ಡಮ್ಮ. ಹತ್ತೊಂಬತ್ತು ಹೆಂಗಸರು, ಹತ್ತೊಂಬತ್ತು ವಿಳಾಸ. ಆ ಪಟ್ಟಿ ಇದ್ದದ್ದು ಕಚೇರಿಯ ಒಂದೇ ಕಂಪ್ಯೂಟರಿನಲ್ಲಿ. ಸೋಮವಾರ ಅದು ಅಂತರ್ಜಾಲದಲ್ಲಿ, ಯಾರು ಬೇಕಾದರೂ ಪಠ್ಯದ ತುಣುಕು ಹಂಚಿಕೊಳ್ಳುವ ಒಂದು ತಾಣದಲ್ಲಿ ಬಯಲಾಗಿತ್ತು. ಮಧ್ಯಾಹ್ನ ಮೂರು ನಲವತ್ತಕ್ಕೆ ಟೈಲರಮ್ಮನ ಗಂಡ ಅವಳ ಬಾಗಿಲು ಒಡೆದಿದ್ದ. ನೆರೆಯವರು ಹಿಡಿದು ಕೊಟ್ಟಿದ್ದರಿಂದ ಅವನು ಆಗಲೇ ಲಾಕಪ್ಪಿನಲ್ಲಿದ್ದ.

"ಅವನು ಸಿಕ್ಕಿದನಲ್ಲ ತಾಯಿ," ಎಂದರು ಇನ್ಸ್‌ಪೆಕ್ಟರ್.

"ಇನ್ನೂ ಹದಿನೆಂಟು ಗಂಡಂದಿರಿದ್ದಾರೆ ಸ್ವಾಮಿ. ಪಟ್ಟಿ ಹಾಕಿದವರು ಯಾರು, ಇನ್ನೂ ಯಾರ್ಯಾರಿಗೆ ಕೊಟ್ಟಿದ್ದಾರೆ ಅಂತ ಗೊತ್ತಾಗೋವರೆಗೆ ನಾನು ಇವರನ್ನೆಲ್ಲ ಎಲ್ಲಿ ಬಚ್ಚಿಡಲಿ?"

ಪುಣ್ಯಕ್ಕೆ ಕಚೇರಿಯ ಕಂಪ್ಯೂಟರ್ ನೋಡಿಕೊಳ್ಳುವ ಸಿಸ್ಟಮ್ ಅಣ್ಣ ಅದನ್ನು ಕಂಡುಹಿಡಿದು ತೆಗೆಸಿದನಂತೆ. ಹನ್ನೆರಡಕ್ಕೆ ಓಡಿಬಂದು ಹೇಳಿದವನೂ ಅವನೇ, ವ್ಯಾನು ಓಡಿಸಿದವನೂ ಅವನೇ. ಗಂಡಂದಿರು ಪತ್ತೆ ಹಚ್ಚಬಾರದೆಂದು ಹೆಂಗಸರ ಬಳಿ ಫೋನಿರಲಿಲ್ಲ; ಪಟ್ಟಿಯ ಒಂದನೇ ಮನೆಯಿಂದ ಖಾಲಿ ಮಾಡಿಸುತ್ತ ಹೊರಟಿದ್ದರು. ಮೂರು ನಲವತ್ತರ ಹೊತ್ತಿಗೆ ಹನ್ನೊಂದನೇ ಮನೆಯಲ್ಲಿದ್ದರು. ಟೈಲರಮ್ಮನದು ಹದಿನಾಲ್ಕನೆಯದು.

ಹತ್ತು ಐವತ್ತಕ್ಕೆ ಎಫ್‌ಐಆರ್ ದಾಖಲಾಯಿತು. ಇನ್ಸ್‌ಪೆಕ್ಟರ್ ಎಕ್ಸ್‌ರೇ ಹಾಳೆಯನ್ನು ಮಡಚಿ ಕಡತಕ್ಕೆ ಸೇರಿಸಿದರು. ಅದೇಕೋ ಮತ್ತೆ ತೆಗೆದು ನೋಡಿದರು. ಎರಡು ವರ್ಷದ ಹಿಂದೆ ಇದೇ ಮೇಜಿನ ಎದುರು ಕೂತು ಅತ್ತಿದ್ದ ಒಬ್ಬಳನ್ನು ಅವರು ಗಂಡನ ಜೊತೆ ವಾಪಸ್ ಕಳಿಸಿದ್ದರು. 'ಸಂಸಾರ ಅಂದ್ಮೇಲೆ ಒಂದು ಮಾತು ಬರುತ್ತೆ, ಹೋಗುತ್ತೆ' ಎಂದಿದ್ದರು. ಅವಳು ಮತ್ತೆ ದೂರು ಕೊಡಲು ಬರಲಿಲ್ಲ. ಯಾಕೆ ಬರಲಿಲ್ಲ ಎಂದು ಅವರು ವಿಚಾರಿಸಲೂ ಇಲ್ಲ.

ಲಾಕಪ್ಪಿನವನು ಬಾಯಿ ಬಿಟ್ಟದ್ದು ಇಷ್ಟೇ: "ಸ್ಕೂಟರ್ ಸೀಟಿನ ಮೇಲೆ ಚೀಟಿ ಇತ್ತು. ಅದರಲ್ಲಿ ಲಿಂಕಿತ್ತು."

"ಚೀಟಿ ಎಲ್ಲಿ?"

"ಎಸೆದೆ."

"ಪಟ್ಟೀನ ಯಾರಿಗಾದರೂ ಕಳಿಸಿದೆಯಾ?"

"ನನ್ನ ಹೆಂಡತಿ ನನಗೆ ಬೇಕಿತ್ತು. ಊರವರ ಹೆಂಡಿರನ್ನ ಕಟ್ಟಿಕೊಂಡು ನಾನೇನು ಮಾಡಲಿ?"

ಅವನ ಫೋನು ಜಪ್ತಿಯಾಯಿತು. ಯಾರಿಗೂ ಕಳಿಸಿರಲಿಲ್ಲ. ಆದರೆ ಲಿಂಕನ್ನು ಬೇರೆಯವರು ತೆರೆದಿದ್ದರೆ?

ಮಧ್ಯಾಹ್ನ ಒಂದಕ್ಕೆ ಇನ್ಸ್‌ಪೆಕ್ಟರ್ ಕಾನ್‌ಸ್ಟೆಬಲ್ ಒಬ್ಬಳನ್ನು ಕರೆದುಕೊಂಡು ಸಂಸ್ಥೆಯ ಕಚೇರಿಗೆ ಹೋದರು. ಭೌತಶಾಸ್ತ್ರ ಓದಿದ್ದ ಅವಳನ್ನು ಠಾಣೆಯಲ್ಲಿ ಎಲ್ಲರೂ ಬಿಎಸ್ಸಿ ಎಂದೇ ಕರೆಯುತ್ತಿದ್ದರು. ಪಾಸ್‌ವರ್ಡ್ ಯಾರಿಗೆ ಗೊತ್ತು ಎಂಬ ಪ್ರಶ್ನೆಗೆ ಉತ್ತರ ಪರದೆಯ ಅಂಚಿನಲ್ಲೇ ಇತ್ತು, ಚೀಟಿಯಲ್ಲಿ ಬರೆದು ಅಂಟಿಸಿದ್ದರು.

"ಮನೆಗೆ ಬೀಗ ಹಾಕಿ ಕೀಲಿ ಬಾಗಿಲಿಗೇ ನೇತುಹಾಕಿದ ಹಾಗಾಯ್ತು," ಎಂದಳು ಬಿಎಸ್ಸಿ.

ಸಿಸ್ಟಮ್ ಅಣ್ಣನಿಗೆ ಐವತ್ತರ ಆಸುಪಾಸು. ಮೆತ್ತಗಿನ ದನಿ, ನಿದ್ದೆಗೆಟ್ಟ ಕಣ್ಣು. ಆಜ್ಞೆ ಟೈಪಿಸುವ ಕರಿ ಪರದೆ ತೆರೆದು ತಾನೇ ಬರೆದ ಪುಟ್ಟ ಪ್ರೋಗ್ರಾಂ, ಒಂದು ಶೆಲ್ ಸ್ಕ್ರಿಪ್ಟನ್ನು ತೋರಿಸಿದ. ಹೆಸರು 'ತುಣುಕು'. ಕಂಪ್ಯೂಟರ್ ಕೆಟ್ಟಾಗ ತಪ್ಪಿನ ಸಂದೇಶಗಳನ್ನು ಆ ತಾಣಕ್ಕೆ ಕಳಿಸಿ, ತಿಳಿದವರ ಸಲಹೆ ಕೇಳಲು ಮಾಡಿಕೊಂಡದ್ದು. 'ತುಣುಕು' ಎಂದು ಟೈಪಿಸಿ ಕಡತದ ಹೆಸರು ಕೊಟ್ಟರೆ ಸಾಕು, ಇಡೀ ಕಡತ ತಾಣಕ್ಕೆ ಹೋಗಿ ಲಿಂಕು ಬರುತ್ತಿತ್ತು. ಸಾಲಿನ ಸಂಖ್ಯೆ ಸೇರಿಸಿದರೆ ಆ ಒಂದು ಸಾಲು ಮಾತ್ರ ಹೋಗುತ್ತಿತ್ತು.

"ಇದು ಕಚೇರಿಯ ನಾಲ್ವರಿಗೂ ಗೊತ್ತಾ?"

"ನಾನೇ ಕಲಿಸಿದ್ದೆ ಸರ್. ಯಾರು ಬೇಕಾದರೂ ಮಾಡಿರಬಹುದು."

"ನೀವು ತೆಗೆಸಿದ್ದು ಹೇಗಣ್ಣಾ?" ಬಿಎಸ್ಸಿ ಕೇಳಿದಳು.

"ತಾಣದವರಿಗೆ ಮೇಲ್ ಬರೆದೆನಮ್ಮ."

ಪಂಚರ ಎದುರು ಪಂಚನಾಮೆ ಬರೆದು ಕಂಪ್ಯೂಟರನ್ನು ಮೊಹರು ಮಾಡಿದರು, ಪಟ್ಟಿಯನ್ನು ಯಾವಾಗ ಹಾಕಿದ್ದು, ಯಾರು ತೆರೆದದ್ದು ಎಂದು ತಾಣದವರಿಗೆ ಬರೆದು ಕೇಳಿದರು. ಬುಧವಾರ ಬೆಳಗ್ಗೆ ಒಂಬತ್ತು ಹದಿನೈದಕ್ಕೆ ತಾಣದವರ ಉತ್ತರ ಬಂತು. ಬಿಎಸ್ಸಿ ನಿಂತೇ ಓದಿದಳು.

"ಹಾಕಿದ್ದು ಸೋಮವಾರ ಹನ್ನೊಂದು ಗಂಟೆ ಹನ್ನೆರಡು ನಿಮಿಷಕ್ಕೆ. ಹನ್ನೊಂದು ಮೂವತ್ತೊಂದಕ್ಕೆ ಗಂಡನ ಫೋನು ತೆರೆದಿದೆ. ಹನ್ನೊಂದು ಐವತ್ತೆರಡಕ್ಕೆ ಅಳಿಸಿದ್ದಾರೆ. ಐವತ್ನಾಲ್ಕಕ್ಕೆ ಇನ್ನೊಂದು ಫೋನು ತೆರೆಯೋಕೆ ನೋಡಿದೆ, ಆಗ ಏನೂ ಸಿಕ್ಕಿಲ್ಲ. ಮೇಲ್ ಯಾವುದೂ ಬಂದಿಲ್ಲವಂತೆ ಸರ್."

"ಮತ್ತೆ ಅಳಿಸಿದ್ದು ಯಾರು?"

"ತುಣುಕು ಹಾಕಿದಾಗ ಹಾಕಿದವರಿಗೆ ಮಾತ್ರ ಒಂದು ಅಳಿಸುವ ಕೀಲಿ ಕೊಡ್ತಾರೆ, ಉದ್ದನೆಯ ಅಕ್ಷರಗಳ ಸಾಲು. ಆ ಕೀಲಿ ಬಳಸಿಯೇ ಅಳಿಸಿರೋದು. ಅಣ್ಣನ ಸ್ಕ್ರಿಪ್ಟು ಕೀಲಿಗಳನ್ನೆಲ್ಲ ಒಂದು ಕಡತದಲ್ಲಿ ಜೋಪಾನ ಮಾಡುತ್ತೆ. ನಿನ್ನೆ ನೋಡಿದ್ದೆ, ಅದು ಅವರ ಸ್ವಂತ ಖಾತೆಯಲ್ಲೇ ಇತ್ತು, ಅದರ ಪಾಸ್‌ವರ್ಡನ್ನು ಪರದೆಗೆ ಅಂಟಿಸಿರಲಿಲ್ಲ."

ಇನ್ಸ್‌ಪೆಕ್ಟರ್ ಉತ್ತರದ ಹಾಳೆಯನ್ನು ಅವಳ ಕೈಯಿಂದ ತೆಗೆದುಕೊಂಡರು. "ತಪ್ಪು ಮಾಡಿ ಸುಮ್ಮನಿದ್ದಿದ್ದರೆ ನಾಲ್ವರಲ್ಲಿ ಒಬ್ಬನಾಗಿರುತ್ತಿದ್ದ. ತಿದ್ದೋಕೆ ಹೋಗಿ ಸಿಕ್ಕಿಬಿದ್ದ."

ಹನ್ನೊಂದು ಗಂಟೆಗೆ ಸಿಸ್ಟಮ್ ಅಣ್ಣ ಅವರ ಎದುರು ಕುಳಿತಿದ್ದ. ಉತ್ತರದ ಪ್ರತಿಯನ್ನು ಮುಂದಿಟ್ಟರು. ಅವನು ಅದನ್ನು ಓದಲೂ ಹೋಗಲಿಲ್ಲ.

"ಐವತ್ನಾಲ್ಕರ ಫೋನು?"

"ನಂದೇ. ಹೋಯ್ತೋ ಇಲ್ವೋ ಅಂತ ನೋಡಿದೆ."

"ಬೇರೆ ಯಾರಿಗೂ ಲಿಂಕ್ ಕೊಟ್ಟಿಲ್ಲ?"

"ಇಲ್ಲ. ನನ್ನ ಮಗಳಾಣೆ."

ಬಾಗಿಲ ಬಳಿ ನಿಂತಿದ್ದ ದೊಡ್ಡಮ್ಮ ಗೋಡೆಗೆ ಒರಗಿದರು. ಹದಿನೆಂಟು ಹೆಂಗಸರ ಜೀವ ಆ ಒಂದು 'ಇಲ್ಲ'ದಲ್ಲಿತ್ತು.

"ಯಾಕೆ ಮಾಡಿದೆ?"

"ಟೈಲರಮ್ಮನ ಗಂಡ ಒಂದು ತಿಂಗಳಿಂದ ಕಚೇರಿ ಗೇಟಿನ ಹತ್ತಿರ ನಿಲ್ಲುತ್ತಿದ್ದ ಸರ್. ಕೈಯಲ್ಲಿ ಮಗುವಿನ ಒಂದು ಶೂ. ಅಳುತ್ತಿದ್ದ. ಐದು ವರ್ಷದ ಹಿಂದೆ ನನ್ನ ಹೆಂಡತಿಯೂ ಮಗಳನ್ನ ಕರಕೊಂಡು ಹೋದಳು. ಎಲ್ಲಿ ಅಂತ ಇವತ್ತಿಗೂ ಗೊತ್ತಿಲ್ಲ. ಹೊಸ ಪಟ್ಟಿ ಬಂದಾಗಲೆಲ್ಲ ಅವಳ ಹೆಸರು ಹುಡುಕುತ್ತಿದ್ದೆ. ನನಗಂತೂ ಸಿಗಲಿಲ್ಲ, ಇವನ ಸಂಸಾರವಾದರೂ ಕೂಡಲಿ ಅಂತ..."

ಸಂಸಾರ ಎಂಬ ಮಾತು ಕೇಳಿ ಇನ್ಸ್‌ಪೆಕ್ಟರ್ ಪೆನ್ನು ಕೆಳಗಿಟ್ಟರು.

"ಒಂದೇ ಸಾಲು ಕಳಿಸಬೇಕು ಅಂತಿದ್ದೆ. ಕೈ ಅಭ್ಯಾಸ, ಕಡತದ ಹೆಸರು ಹೊಡೆದು ಎಂಟರ್ ಒತ್ತಿಬಿಟ್ಟೆ. ಸಂಖ್ಯೆ ಮರೆತೆ. ಸೀಟಿನ ಮೇಲೆ ಚೀಟಿ ಇಟ್ಟು ಬಂದು ಆಮೇಲೆ ನೋಡಿದರೆ, ಎಲ್ಲರದೂ."

"ನೀನೇ ಅಳಿಸಿದೆ. ದೊಡ್ಡಮ್ಮನಿಗೆ ಹೇಳಿದೆ. ವ್ಯಾನು ಓಡಿಸಿದೆ. ಅವನು ಬರೋದು ಯಾವ ಮನೆಗೆ ಅಂತ ನಿನಗೆ ಗೊತ್ತಿತ್ತಲ್ಲ?"

"ಗೊತ್ತಿತ್ತು."

"ಹದಿನಾಲ್ಕನೇ ಮನೆಗೆ ಮೊದಲು ಹೋಗೋಣ ಅಂತ ಯಾಕೆ ಹೇಳಲಿಲ್ಲ?"

ಸಿಸ್ಟಮ್ ಅಣ್ಣ ತನ್ನ ಬೆರಳುಗಳನ್ನೇ ನೋಡುತ್ತಿದ್ದ.

"ಯಾಕೆ ಮೊದಲು ಅಲ್ಲಿಗೆ ಅಂತ ಕೇಳ್ತಿದ್ರು ಸರ್," ಎಂದ. "ಒಂದೊಂದು ಮನೇಲೂ ಪಾತ್ರೆ, ಹಾಸಿಗೆ ಹೊತ್ತು ಹಾಕಿದೆ. ಬೇಗ ಬೇಗ ಅಂದೆ. ಅದಕ್ಕಿಂತ ಹೆಚ್ಚು ಹೇಳೋಕೆ ಬಾಯಿ ಬರಲಿಲ್ಲ."

ಹನ್ನೊಂದು ನಲವತ್ತಕ್ಕೆ ಬಂಧನದ ಪತ್ರಕ್ಕೆ ಸಹಿ ಬಿತ್ತು. ಕರೆದೊಯ್ಯುವಾಗ ಅವನು ದೊಡ್ಡಮ್ಮನ ಎದುರು ನಿಂತ. ಆಕೆ ಬೈಯಲಿಲ್ಲ.

"ಅಣ್ಣ ಎಲ್ಲಿ, ಅಣ್ಣ ಎಲ್ಲಿ ಅಂತ ಟೈಲರಮ್ಮ ಆಸ್ಪತ್ರೇಲಿ ಕೇಳ್ತಿದ್ದಾಳೆ," ಎಂದರು. "ನೀನು ಬಂದರೆ ಧೈರ್ಯ ಅಂತಾಳೆ."

ಅವರು ಹೋದ ಮೇಲೆ ಇನ್ಸ್‌ಪೆಕ್ಟರ್ ಎರಡು ವರ್ಷ ಹಳೆಯ ದೂರಿನ ರಿಜಿಸ್ಟರ್ ತರಿಸಿದರು. ತಾವು ವಾಪಸ್ ಕಳಿಸಿದವಳ ವಿಳಾಸವನ್ನು ಚೀಟಿಯಲ್ಲಿ ಬರೆದುಕೊಂಡು, ಜೀಪು ತೆಗೆಯಲು ಹೇಳಿದರು.