ಎಂಟು ಬೋಲ್ಟುಗಳ ಕುಂಕುಮ

ಸೋಮವಾರ ಬೆಳಿಗ್ಗೆ ಎಂಟಕ್ಕೆ, ವಸ್ತ್ರಾಪುರ ಕೆರೆಯ ತಿರುವಿನಲ್ಲಿ ನನ್ನ ಕಾರಿನ ಬಾನೆಟ್‌ನಿಂದ ಹೊಗೆ ಎದ್ದಿತು. ಹಿಂದಿನ ಸೀಟಿನಲ್ಲಿ ಮಗಳು ಸಂಜನಾ, ಸ್ಕೂಲ್ ಬ್ಯಾಗಿನ ಸಮೇತ! ಅವಳನ್ನು ಎಳೆದುಕೊಂಡು ಫುಟ್‌ಪಾತಿಗೆ ಓಡಿದೆ. ಆಮೇಲೆ ಬಾನೆಟ್ ಎತ್ತಿದರೆ ಇಂಜಿನ್ ತುಂಬ ಆಯಿಲ್. ಕಾದ ಪೈಪಿನ ಮೇಲೆ ಚುರ್ ಅನ್ನುತ್ತಿತ್ತು.

ಸಿಟ್ಟಿನಿಂದ ನನಗೆ ಮೈಯೆಲ್ಲ ಉರಿದುಹೋಯಿತು. ಭಾನುವಾರ ಪೂರ್ತಿ ನಮ್ಮ ಅಪಾರ್ಟ್‌ಮೆಂಟ್ ಸೊಸೈಟಿಯ ಪಾರ್ಕಿಂಗಿನಲ್ಲಿ ಬಗ್ಗಿ ನಿಂತು ಟ್ಯಾಪೆಟ್ ಕವರಿನ, ಅಂದರೆ ಇಂಜಿನ್ ತಲೆಯ ಮೇಲಿನ ಮುಚ್ಚಳದ, ಆಯಿಲ್ ಸೋರದಂತೆ ತಡೆಯುವ ಹಳೆ ರಬ್ಬರ್ ಗ್ಯಾಸ್ಕೆಟ್ ಕಿತ್ತು ಹೊಸದು ಕೂರಿಸಿದವನು ನಾನೇ. ಎಂಟು ಬೋಲ್ಟುಗಳನ್ನೂ ನನ್ನ ಪಾನಾದಿಂದ ಪುಸ್ತಕದಲ್ಲಿ ಹೇಳಿದಷ್ಟೇ ಹಗುರವಾಗಿ ಬಿಗಿದಿದ್ದೆ. ಸಂಜೆ ಹದಿನೈದು ಕಿಲೋಮೀಟರ್ ಓಡಿಸಿಯೂ ನೋಡಿದ್ದೆ. ಒಂದು ಹನಿ ಸೋರಿರಲಿಲ್ಲ. ಹಾಗಾದರೆ ಬೆಳಗಾಗುವುದರೊಳಗೆ ಕೈಹಾಕಿದವರು ಯಾರು?

ಕಾರನ್ನು ಎಳೆಸಿಕೊಂಡು ಮನೆಗೆ ಬಂದರೆ, ವಾಚ್‌ಮನ್ ಜೀವಣಭಾಯ್ ಕೋಣೆಯ ಕಿಟಕಿಯಲ್ಲಿತ್ತು — ನನ್ನ ಪಾನಾ!

ನಾನು ಹಿಂದೆಮುಂದೆ ನೋಡಲಿಲ್ಲ. ಅರ್ಧ ಸೊಸೈಟಿಯೇ ಕೂಡಿದ್ದ ಪಾರ್ಕಿಂಗಿನಲ್ಲಿ ಅವನನ್ನು ಕಳ್ಳ, ಕೊಲೆಗಡುಕ ಅಂದೆ. ಚೇರ್ಮನ್ ಅಲ್ಲೇ ತೀರ್ಪು ಕೊಟ್ಟರು: ಸಂಜೆ ಆರರೊಳಗೆ ಜೀವಣಭಾಯ್ ಹೆಂಡತಿಯೊಂದಿಗೆ ಕೋಣೆ ಖಾಲಿ ಮಾಡಬೇಕು. ಹುಬ್ಬಳ್ಳಿಯಿಂದ ಗುಜರಾತಿನ ನಮ್ಮ ಮನೆಗೆ ಬಂದಿದ್ದ ನನ್ನ ಮಾವ ಬಸವರಾಜಪ್ಪ, ನಿವೃತ್ತ ರೈಲ್ವೆ ಫಿಟ್ಟರ್, ಪಕ್ಕದಲ್ಲೇ ತುಟಿ ಬಿಚ್ಚದೆ ನಿಂತಿದ್ದರು. ನನ್ನ ಸಿಟ್ಟು ನೋಡಿ ಸುಮ್ಮನಾದರು ಅಂದುಕೊಂಡೆ.

ನನ್ನ ಹೆಂಡತಿ ದೀಪ್ತಿ ವಿಮೆಯ ವಾಹನ ಸರ್ವೇಯರ್. ಜಜ್ಜಿದ, ಸುಟ್ಟ ಕಾರುಗಳ ಸುಳ್ಳು-ನಿಜ ಹುಡುಕುವುದೇ ಅವಳ ಕೆಲಸ. ಭಾನುವಾರ ರಾತ್ರಿಯ ರೈಲಿಗೆ ಹೋಗಿ ಸೂರತ್ತಿನ ಕತಾರ್‌ಗಾಮ್‌ನಲ್ಲಿ ಒಂದು ಟೆಂಪೋ ನೋಡಿ, ನಾಲ್ಕೂವರೆಗೆ ವಾಪಸು ಬಂದಳು. ನಡೆದದ್ದೆಲ್ಲ ಹೇಳಿದೆ.

"ಜೀವಣಭಾಯ್ ಮ್ಯಾಲೆ ಯಾಕ ಸಂಶಯ?"

"ಪಾನಾ ಅವನ ಖೋಲ್ಯಾಗ ಸಿಕ್ಕೈತಿ. ಹ್ವಾದ ವಾರ ಕಾರ್ ತೊಳೆಯೋ ವಿಷಯಕ್ಕ ಬೈದಿದ್ದೆ. ಇನ್ನೇನ್ ಬೇಕು?"

"ಅವರೇನಂದ್ರು?"

"ಮುಂಜಾನೆ ಆರಕ್ಕ ಕಾರಿನ ಬಾಜೂಕ ಬಿದ್ದಿತ್ತಂತ. ಯಾರರ ಒಯ್ದಾರು ಅಂತ ಎತ್ತಿಟ್ಟನಂತ. ನಂಬಬೇಕೇನು?"

ಅವಳು ಬಾನೆಟ್ ಎತ್ತಿ ಟಾರ್ಚ್ ಹಾಕಿದಳು. ಮುಚ್ಚಳದ ಅಂಚಿಗೆ ಬೆರಳಾಡಿಸಿದಳು.

"ಕೆಡಸಾಕ ಬಂದಾಂವ ಬೋಲ್ಟ್ ಸಡ್ಲ ಮಾಡ್ತಾನೋ, ಬಿಗಿ ಮಾಡ್ತಾನೋ?"

"ಸಡ್ಲ."

"ಇವನ್ನ ಹಿಂಡಿ ಬಿಗಿದಾರ. ನೋಡ್ರಿ, ರಬ್ಬರ್ ಒತ್ತಿ ಹೊರಗ ಬಂದೈತಿ, ಮೂಲ್ಯಾಗ ಹರದೈತಿ. ಬೋಲ್ಟಿಗೆ ಈ ಕೆಂಪು ಯಾರು ಹಚ್ಚಿದ್ರು?"

"ನೀನ ಹಚ್ಚೀಯಲ್ಲ, ನಿನ್ನಿ ಗಾಡಿ ಪೂಜಿ ಕುಂಕುಮ? ಮುಂಜಾನೇನ ನೋಡೇನಿ."

"ನಾ ಹಚ್ಚಿದ್ದು ಸ್ಟಿಯರಿಂಗಿಗೆ ಅಷ್ಟ."

ಬಟ್ಟೆಯಿಂದ ಉಜ್ಜಿದಳು. ಆಯಿಲ್ ಹೋಯಿತು, ಕೆಂಪು ಹೋಗಲಿಲ್ಲ. ಅದು ಬೊಟ್ಟೂ ಆಗಿರಲಿಲ್ಲ — ಬೋಲ್ಟಿನ ತಲೆಯಿಂದ ಮುಚ್ಚಳದವರೆಗೆ ಎಳೆದ ನೆಟ್ಟಗಿನ ಗೆರೆ. ಎಂಟಕ್ಕೂ ಹಾಗೇ.

"ಉಗುರಬಣ್ಣ. ಸಂಜನಾಂದು," ಅಂದಳು. ಅವಳ ಮುಖ ಬಿಳಿಚಿತು. ನಂತರ ಮೇಲೆ ಹೋಗಿ ಅಪ್ಪನನ್ನು ಕರೆತಂದಳು.

"ಅಪ್ಪಾ, ವರ್ಕ್‌ಶಾಪಿನ್ಯಾಗ ಬೋಲ್ಟ್ ಬಿಗಿದ ಮ್ಯಾಲೆ ಏನ್ ಮಾಡ್ತಿದ್ರಿ?"

ಮಾವ ಇಂಜಿನ್ ಕಡೆ ನೋಡಲೇ ಇಲ್ಲ. "ಗೆರಿ ಹೊಡೀತಿದ್ವಿ. ಬೋಲ್ಟ್ ಅಲುಗಿದ್ರ ಗೆರಿ ತಪ್ಪತೈತಿ, ಕಣ್ಣಿಗೆ ಕಾಣತೈತಿ."

"ಹಂಗ ಗೆರಿ ಹೊಡಿಯೋ ಮನಷ್ಯಾ ಈ ಸೊಸೈಟ್ಯಾಗ ಒಬ್ಬರ ಅದಾರ. ಹೌದಿಲ್ಲೋ?"

ಅವರು ಹೌದೆಂದು ತಲೆಯಾಡಿಸಿದರು. "ಅಳಿಯಂದ್ರು ಭಾಳ ಹಗುರ ಬಿಗಿದಾರ ಅನಿಸ್ತು. ಕೂಸು ಕುಂದ್ರೋ ಗಾಡಿ... ಐದಕ್ಕೆದ್ದು ಒಂದೊಂದು ಸುತ್ತು ಕೊಟ್ಟೆ. ರೈಲಿನ ಇಂಜಿನ್ನಿನ ಕಬ್ಬಿಣ ಹಿಡಿದ ಕೈಯವ್ವಾ ಇದು. ಇಲ್ಲಿ ರಬ್ಬರ್ ಐತಿ ಅನ್ನೋದು ಹೊಳೀಲಿಲ್ಲ. ಪಾನಾನೂ ಅಲ್ಲೇ ಬಿಟ್ಟು ಬಂದೆ."

"ಬಿಗಿದಿದ್ದಕ್ಕ ನನಗ ಸಿಟ್ಟಿಲ್ಲ!" ದೀಪ್ತಿಯ ದನಿ ಪಾರ್ಕಿಂಗ್ ತುಂಬಿತು. "ಆ ಮನಷ್ಯಾನ್ನ ಕಳ್ಳ ಅಂದಾಗ ಸುಮ್ಮ ನಿಂತ್ರಲ್ಲ, ಅದಕ್ಕ! ಮತ್ತ ನೀವು," ನನ್ನ ಕಡೆ ತಿರುಗಿದಳು, "ಒಂದು ಸಲ ಬಗ್ಗಿ ಬೋಲ್ಟ್ ನೋಡಿದ್ರ ಸಾಕಾಗಿತ್ತು. ಬೈಯಾಕ ಇದ್ದ ಪುರಸೊತ್ತು ನೋಡಾಕ ಇರಲಿಲ್ಲೇನು?"

ಬೆಳಗಿನಿಂದ ಜೀವಣಭಾಯ್ ಮೇಲಿದ್ದ ಸಿಟ್ಟೆಲ್ಲ ನನ್ನ ಮೇಲೇ ತಿರುಗಿತು.

ಆರಕ್ಕೆ ಕಾಲು ಗಂಟೆ ಉಳಿದಿತ್ತು. ಜೀವಣಭಾಯ್ ಹಾಸಿಗೆ ಸುತ್ತುತ್ತಿದ್ದ, ಅವನ ಹೆಂಡತಿ ಪಾತ್ರೆಗಳನ್ನು ಗೋಣಿಚೀಲಕ್ಕೆ ತುಂಬುತ್ತಿದ್ದಳು. ನಾನು ಕೋಣೆಯ ಬಾಗಿಲಲ್ಲಿ ನಿಂತು ಕೈಮುಗಿದೆ. ತಪ್ಪಾಯಿತು ಅಂದೆ. ಅವನು ತಲೆ ಎತ್ತಲಿಲ್ಲ.

"ಬಧಾನಿ ಸಾಮೇ," ಅಂದ, ಗುಜರಾತಿಯಲ್ಲಿ.

ಎಲ್ಲರ ಎದುರಿಗೆ. ಎಲ್ಲರ ಎದುರಿಗೆ ಕಳ್ಳ ಅಂದವನು ಇಲ್ಲಿ ಗುಟ್ಟಾಗಿ ಕೈಮುಗಿದರೆ ಆಗುವುದಿಲ್ಲ.

ಹಿಂದಿನಿಂದ ಮಾವ ಬಂದರು. ಕಿಟಕಿಯಲ್ಲಿದ್ದ ಪಾನಾ ಎತ್ತಿಕೊಂಡು ಗೇಟಿನತ್ತ ನಡೆದರು. ಕಬ್ಬಿಣದ ಗೇಟಿಗೆ ಅದರಿಂದ ಬಡಿಯತೊಡಗಿದರು — ಒಂದೇ ಸಮನೆ, ಬಾಲ್ಕನಿಗಳೆಲ್ಲ ಜನರಿಂದ ತುಂಬುವವರೆಗೆ.