ಮತ್ತೆ ಮತ್ತೆ ಹಾದುಹೋದ ಲಾರಿ

ಸೋಮವಾರ ಬೆಳಗ್ಗೆ ಅಜ್ಜಂಪುರ ಠಾಣೆಗೆ ಬಂದ ಸಂಶೋಧಕಿ ಅಶ್ವಿನಿಯ ದೂರು ಸಬ್‌ಇನ್‌ಸ್ಪೆಕ್ಟರ್ ಭೈರೇಶನ ತಲೆಗೆ ಮೊದಲು ಹೋಗಲಿಲ್ಲ. ತರೀಕೆರೆ ರಸ್ತೆಯ ಕಾಂಕ್ರೀಟಿನೊಳಗೆ ಅವಳು ಸೆನ್ಸರ್‌ಗಳನ್ನು ಹೂತಿದ್ದಳು. ಭಾರದ ಲಾರಿ ಹಾದಾಗ ಕಾಂಕ್ರೀಟ್ ಎಷ್ಟು ಬಾಗುತ್ತದೆಂದು ಅವು ಅಳೆಯುತ್ತಿದ್ದವು. ಭಾನುವಾರ ಯಾರೋ ತಂತಿಗಳನ್ನೆಲ್ಲ ಕತ್ತರಿಸಿದ್ದರು.

“ಕಾಂಕ್ರೀಟೂ ಬಾಗುತ್ತೇನಮ್ಮಾ?”

“ಕೂದಲೆಳೆಯಷ್ಟು ಸರ್. ಲಾರಿ ನಿಧಾನ ಹೋದ್ರೆ ಸ್ವಲ್ಪ ಜಾಸ್ತಿ.”

ಎಫ್‌ಐಆರ್ ದಾಖಲಾಯಿತು. ಸ್ಥಳದಲ್ಲಿ ಎರಡೂ ಕಡೆ ರಾಗಿ ಹೊಲ. ಕಣ್ಣಳತೆ ದೂರದಲ್ಲಿ ಒಂದೂ ಮನೆಯಿಲ್ಲ. ಪೇದೆ ವೇಣು ಪಂಚನಾಮೆ ಬರೆದ. ತಂತಿಯ ತಾಮ್ರ ಚೂರೂ ಕಳುವಾಗಿರಲಿಲ್ಲ. ಕತ್ತರಿಸಿದ ತಂತಿಯನ್ನು ಅಂದವಾಗಿ ಸುತ್ತಿ, ಅಳತೆ ದಾಖಲಿಸುವ ರಸ್ತೆಬದಿಯ ಪೆಟ್ಟಿಗೆಯ ಮೇಲಿಟ್ಟಿದ್ದರು.

“ಕತ್ತರಿಸೋಕೆ ಮುಂಚೆ ಏನು ದಾಖಲಾಗಿದೆ?” ಭೈರೇಶ್ ಕೇಳಿದ.

ಅಶ್ವಿನಿ ಲ್ಯಾಪ್‌ಟಾಪ್ ತೆರೆದಳು. ಮಧ್ಯಾಹ್ನ ಎರಡರ ಸುಮಾರಿಗೆ ಹತ್ತು ಚಕ್ರದ ಲಾರಿಯೊಂದು ನಡಿಗೆಯ ವೇಗದಲ್ಲಿ ಹಾದಿತ್ತು. ತಿರುಗಿ ಬಂದು ತುಸು ಜೋರಾಗಿ. ಮತ್ತೆ ಬಂದು ಇನ್ನೂ ಜೋರಾಗಿ. ಆಮೇಲೆ ಏನೂ ಇಲ್ಲ.

ಅವಳ ಮುಖ ಸಪ್ಪಗಾಯಿತು.

“ಶುರುವಿನಲ್ಲಿ ಸೆನ್ಸರ್ ಸರಿ ಅಳೀತಿದೆಯಾ ಅಂತ ನೋಡೋಕೆ ನಾವು ಒಂದು ಲಾರಿ ಹೀಗೇ ಓಡಿಸಿ ಅಳೆದಿದ್ವಿ ಸರ್. ಭಾರ, ಚಕ್ರಗಳ ಅಂತರ, ಎಲ್ಲಾ ಅದೇ ಲಾರಿದು. ಬೀರಣ್ಣಂದು.”

ಬೀರಣ್ಣ, ಅಂದರೆ ಜಲ್ಲಿ ಲಾರಿಯ ಸಣ್ಣಬೀರಪ್ಪ, ಕಡೂರಿನ ಲಾರಿ ಸ್ಟ್ಯಾಂಡಿನಲ್ಲಿ ಸಿಕ್ಕ. ಐವತ್ತು ದಾಟಿದ ಒಂಟಿ ಜೀವ. ಸ್ಟೌ, ಹಾಸಿಗೆ ಎಲ್ಲಾ ಕ್ಯಾಬಿನ್ನಿನಲ್ಲೇ.

“ತಂತಿ ಕತ್ತರಿಸಿದ್ದು ಯಾರು?”

“ನಾನೇ ಸಾರ್.”

“ಯಾರು ಹೇಳಿಕೊಟ್ರು?”

“ಯಾರೂ ಇಲ್ಲ.”

“ಮತ್ಯಾಕೆ?”

ಸಣ್ಣಬೀರಪ್ಪ ಸ್ಟೇರಿಂಗ್ ಮೇಲೆ ಕೈಯಾಡಿಸಿದ. “ಮೇಡಂ ಕಡೆ ಹುಡುಗ್ರ ಜೊತೆ ಒಂದು ತಿಂಗ್ಳು ಉಂಡೆ ಸಾರ್. ‘ಬೀರಣ್ಣ, ಇನ್ನೊಂದ್ಸಲ ಬನ್ನಿ’ ಅಂತ ಕೂಗೋರು. ಆಮೇಲೆ, ಇನ್ನು ಮಿಷನ್ನೇ ಎಲ್ಲಾ ಬರ್ಕಂತದೆ ಅಂತ ಹೊಂಟೋದ್ರು. ತಂತಿ ಹೊಸದಾಗಿ ಹಾಕಿದ್ರೆ ತಿರ್ಗಾ ನನ್ ಲಾರಿ ಓಡಿಸ್ಬೇಕಾಗ್ತದೆ ಅಂದ್ಕಂಡೆ.”

ಸಂಜೆ ಠಾಣೆಯಲ್ಲಿ ಅಶ್ವಿನಿಯನ್ನು ಕಂಡವನೇ ಸಣ್ಣಬೀರಪ್ಪ ಎದ್ದು ನಿಂತ.

“ಮೇಡಂ, ನಾನು ಬಂದೋಗಿದ್ದು ಅದ್ರಲ್ಲಿ ಕಾಣ್ತಾ?”

“ಕಾಣ್ತು ಬೀರಣ್ಣ. ನನ್ ಒಂದು ವರ್ಷದ ಕೆಲಸ ಹಾಳಾಯ್ತು. ಒಂದು ಫೋನ್ ಮಾಡಬಾರದಿತ್ತಾ?”

“ಮಾಡಿ ಏನಂತ ಹೇಳ್ಲಿ?”

ಅಶ್ವಿನಿ ದೂರನ್ನು ವಾಪಸ್ ಪಡೆಯಲಿಲ್ಲ.

ಬಂಧನದ ಕಾಗದ ತುಂಬುತ್ತಿದ್ದ ಭೈರೇಶ್ ತಲೆಯೆತ್ತದೆ ಕೇಳಿದ: “ನಿನ್ನ ಬಂಧನದ ವಿಷಯ ಯಾರಿಗೆ ತಿಳಿಸಬೇಕು?”

ಸಣ್ಣಬೀರಪ್ಪ ಅಶ್ವಿನಿಯ ಕಡೆ ನೋಡಿದ.

“ಇವ್ರಿಗೆ ಗೊತ್ತಾಯ್ತಲ್ಲ ಸಾರ್. ನಂಗೆ ಇನ್ಯಾರವ್ರೆ?”